ಮಾಶಿಮಾ ಓಡಿಸಿದ ಕಾರು

ಮೊಣಕಾಲು ನೋವಿಗೆಂದು ಹರಳೆಣ್ಣೆ ಕಾಯಿಸಲು ಇಟ್ಟು, ಫೋನು ಬಂತೆಂದು ಪಡಸಾಲೆಗೆ ಹೋದೆ. ಮರಳಿ ಬರುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಅಡುಗೆಮನೆ ತುಂಬ ದಪ್ಪನೆಯ, ತುಸು ಸಿಹಿಯಾದ ಸುಟ್ಟ ವಾಸನೆ. "ಏನ ವಾಸನಿ ಎಬ್ಬಿಸೀಯ ಇದು?" ಎನ್ನುತ್ತ ನನ್ನ ಗಂಡ ಬಂದು ಕಿಟಕಿ ತೆರೆದರು. ಧಾರವಾಡದಲ್ಲಿ ಬೆಳೆದ ಯಾರಿಗಾದರೂ ಹರಳೆಣ್ಣೆ ಎಂದರೆ ಎಣ್ಣೆಸ್ನಾನವೋ ಬಾಣಂತಿಯ ಕೋಣೆಯೋ ನೆನಪಾಗಬೇಕು. ನನಗೆ ನೆನಪಾದದ್ದು ಕೋಲ್ಕತ್ತಾದ ಒಂದು ಮೈದಾನ, ಚಳಿಗಾಲದ ಬಿಸಿಲು, ಕೆಂಪು ಬಣ್ಣದ ಒಂದು ಪುಟ್ಟ ಕಾರು... ಹಿಂದಿನ ಕಾಲದ ರೇಸಿನ ಕಾರುಗಳಿಗೆ ಹರಳೆಣ್ಣೆಯಿಂದ ಮಾಡಿದ ಎಂಜಿನ್ ಎಣ್ಣೆ ಹಾಕುತ್ತಿದ್ದರಂತೆ. ಅದು ಕಾದರೆ ಬರುವ ವಾಸನೆ ಇದೇ. ಹಾಗೆಂದು ನನಗೆ ಹೇಳಿದವರು ಆ ಊರಿನ ಬಾಲಿಗಂಜಿನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಮಾಶಿಮಾ.

ಮಾಶಿಮಾ ಎಂದರೆ ನಮ್ಮ ಕಡೆಯ ಮಾವಶಿ, ತಾಯಿಯ ತಂಗಿ. ಅಲ್ಲಿ ನೆರೆಯ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಅವರ ಗಂಡನನ್ನು ಮೇಶೊಮಶಾಯ್ ಎಂದು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೋಲ್ಕತ್ತಾಕ್ಕೆ ವರ್ಗವಾಗಿ, ನಾವು ಅವರ ಮನೆಯ ಮಹಡಿಗೆ ಬಂದು ಇಳಿದೆವು. ನನಗೆ ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು, ನಮ್ಮ ಆಫೀಸಿನ ಹುಡುಗರು ಬ್ಯಾಂಕಿನ ಸಾಲದಲ್ಲಿ ಕಾರು ಕೊಂಡು ಸಂದೇಶ್ ಮಿಠಾಯಿ ಹಂಚುತ್ತಿದ್ದರು. ಬಾಲಿಗಂಜಿನ ಓಣಿಗಳಲ್ಲೂ ಹೊಸ ಕಾರುಗಳು. ಸಂಜೆ ಮಾಶಿಮಾ ಕೆಳಗಿನ ವರಾಂಡದಲ್ಲಿ ಕೂತು, ರಸ್ತೆಯತ್ತ ತಿರುಗಿಯೂ ನೋಡದೆ, ಸದ್ದಿನಿಂದಲೇ ಓಡಿಸುವವರನ್ನು ಬೈಯುತ್ತಿದ್ದರು. "ಕ್ಲಚ್ಚ ಸುಡ್ಲಿಕತ್ತಾನ ನೋಡ ಅವಾ." ಅವರು ಹೇಳುತ್ತಿದ್ದದ್ದು ಬಂಗಾಳಿಯಲ್ಲೇ. ಆದರೆ ವರ್ಷಗಳು ಕಳೆದಂತೆ ಅವರ ಮಾತೆಲ್ಲ ನನ್ನ ನೆನಪಿನಲ್ಲಿ ಧಾರವಾಡದ ಕನ್ನಡವೇ ಆಗಿಹೋಗಿದೆ. ಹಾಗೆಯೇ ಬರೆಯುತ್ತೇನೆ.

ಆಗ ಮಾಶಿಮಾಗೆ ಎಪ್ಪತ್ತರ ಹತ್ತಿರ. ತೆಳ್ಳಗೆ, ನೆಟ್ಟಗೆ, ಹತ್ತಿಯ ಸೀರೆ, ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಪುಟ್ಟ ಗಂಟು. ಮೇಶೊಮಶಾಯರಿಗೆ ನಾವು ಬರುವ ಮುಂಚಿನ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿದ್ದರು. ಆದರೆ ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕೆಂದದ್ದು ಬಾಯಿಗೆ ಬರುತ್ತಿರಲಿಲ್ಲ. ಡಾಕ್ಟರು ಹೇಳಿದ್ದರೆಂದು ಮಾಶಿಮಾ ಅವರನ್ನು ಎದುರಿಗೆ ಕೂರಿಸಿಕೊಂಡು ಮಗುವಿಗೆ ಕಲಿಸುವಂತೆ ಒಂದೊಂದೇ ಶಬ್ದ ಕಲಿಸುತ್ತಿದ್ದರು. ನನಗೂ ಬಂಗಾಳಿ ಬರುತ್ತಿರಲಿಲ್ಲವಲ್ಲ, ಭಾನುವಾರಗಳಲ್ಲಿ ನಾನೂ ಅದೇ ತರಗತಿಗೆ ಸೇರಿಕೊಂಡೆ. ಜಲ್, ನೀರು. ಜಾನ್‌ಲಾ, ಕಿಟಕಿ. ನಾನು ತಪ್ಪಾಗಿ ಉಚ್ಚರಿಸಿದರೆ ಮೇಶೊಮಶಾಯ್ ಅರ್ಧ ಮುಖದಲ್ಲೇ ನಗುತ್ತಿದ್ದರು. ಅವರು ತಡವರಿಸಿದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಅಲ್ಲಿ ಕಲಿತದ್ದರಲ್ಲಿ ನನಗೆ ಬಲು ವಿಚಿತ್ರವೆನಿಸಿದ್ದು ಒಂದು: ಬಂಗಾಳಿಯಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಇಬ್ಬರಿಗೂ 'ಓ' ಎಂದರೆ ಸಾಕು.

ಮೇಶೊಮಶಾಯ್ ಒಂದು ಕಾಲದಲ್ಲಿ ಹೆಸರಾದ ಮೋಟಾರು ರೇಸಿನ ಚಾಲಕರು ಎಂಬುದನ್ನು ಓಣಿಯವರೇ ಹೇಳಿದ್ದರು. ಗೋಡೆಯ ಮೇಲೆ ಫೋಟೋ ಇತ್ತು. ತೆರೆದ ಕಾರಿನ ಪಕ್ಕ ನಿಂತ ಚೆಲುವ, ಎಡಗೈಯಲ್ಲಿ ಬೆಳ್ಳಿಯ ಕಪ್ಪು, ಬಲಗೈಗೆ ಮುಂಗೈವರೆಗೆ ಬಿಳಿಯ ಬ್ಯಾಂಡೇಜು. ಅವರ ಹಿಂದೆ, ಚೂರೇ ಚೂರು ಕಾಣುವಂತೆ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ತರುಣಿ. ಅದು ಮಾಶಿಮಾ. ನೆರವಿಗೆ ಹೋಗಿದ್ದರೇನೋ ಎಂದುಕೊಂಡಿದ್ದೆ.

ಒಂದು ಡಿಸೆಂಬರಿನಲ್ಲಿ ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಆಮಂತ್ರಣ ಹಿಡಿದು ಬಂದ. ಮೂವತ್ತು ದಾಟದ ಹುಡುಗ, ಉತ್ಸಾಹಿ. ಬರುವ ತಿಂಗಳು ಹಳೆಯ ಕಾರುಗಳ ಪ್ರದರ್ಶನ, ಅಲ್ಲಿ ಮೇಶೊಮಶಾಯರಿಗೆ ಸನ್ಮಾನ. ಅವರು ಅಂದು ಓಡಿಸಿದ್ದ ಕೆಂಪು ಕಾರನ್ನು ಅಲಿಪುರದ ಯಾರೋ ಕೊಂಡು ಇಟ್ಟುಕೊಂಡಿದ್ದಾರೆ, ಅದೂ ಬರುತ್ತದೆ ಎಂದ. ಆಮೇಲೆ ನನ್ನ ಕಡೆ ತಿರುಗಿ ಆ ಕಥೆಯನ್ನೆಲ್ಲ ಹೇಳಿದ. ಯುದ್ಧದ ಕಾಲದಲ್ಲಿ ಕಟ್ಟಿ ಬಿಟ್ಟುಹೋದ ವಿಮಾನದ ಓಡುದಾರಿಯ ಮೇಲೆ ಆರು ತಾಸಿನ ಓಟ. ಎರಡನೆಯ ತಾಸಿನ ಕೊನೆಗೆ ರೇಡಿಯೇಟರಿನ ಮುಚ್ಚಳ ಸಿಡಿದು ಅಂಗೈ ಬೆಂದುಹೋಯಿತು. ಆದರೂ ಸುಟ್ಟ ಕೈಯಲ್ಲೇ ಕೊನೆಯವರೆಗೆ ಓಡಿಸಿ, ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮೂರನೆಯವರಾಗಿ ಬಂದರು! "ಅಂಥ ಗಂಡಸರು ಈಗಿಲ್ಲ" ಎಂದ.

ಮೇಶೊಮಶಾಯ್ ಎಡಗೈಯಿಂದ ಮೇಜು ಗುದ್ದಿದರು. ಚಹದ ಬಟ್ಟಲು ಉರುಳಿತು. ಹಳೆಯದೆಲ್ಲ ನೆನಪಾಗಿ ಭಾವುಕರಾದರೆಂದು ತಿಳಿದು ಹುಡುಗ ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ.

ಮಾಶಿಮಾ ಚಹ ಒರೆಸುತ್ತ, ಯಾವುದೋ ಮಾಮೂಲು ಸಂಗತಿ ಹೇಳುವಂತೆ ಹೇಳಿದರು: "ಸುಟ್ಟ ಕೈಲೆ ಯಾರರೆ ಗಾಡಿ ಓಡಸ್ತಾರೇನ? ಅಂಗೈ ಚರ್ಮಾನೇ ಕಿತ್ತು ಬಂದಿತ್ತು. ಉಳದ ನಾಕ ತಾಸು ನಾ ಓಡಿಸಿದೆ."

ದೀರ್ಘ ಓಟಕ್ಕೆ ಒಂದು ಕಾರಿಗೆ ಇಬ್ಬರು ಚಾಲಕರು ಇರಲೇಬೇಕೆಂಬುದು ನಿಯಮ. ಬರಬೇಕಿದ್ದ ಗೆಳೆಯ ಬರಲಿಲ್ಲವೆಂದು ಎರಡನೆಯವರಾಗಿ ಮಾಶಿಮಾರ ಹೆಸರು ಬರೆಸಿದ್ದರು, ಲೆಕ್ಕ ಭರ್ತಿಗೆ. ಅವರಿಗೆ ಓಡಿಸಲು ಬರುತ್ತಿತ್ತು. ಗಂಡ ಸುಸ್ತಾದರೆ ಹತ್ತು ನಿಮಿಷ ಕೂತರಾಯಿತು ಎಂದುಕೊಂಡು ಹೋಗಿದ್ದರು. ಕೈ ಬೆಂದಾಗ ಗಂಡನ ಹೆಲ್ಮೆಟ್ಟು, ಕನ್ನಡಕ ತೆಗೆದು ತಾವು ಹಾಕಿಕೊಂಡು, ಧೂಳಿಗೆ ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೂತರು. ದೂರದಿಂದ ನೋಡಿದವರಿಗೆ ಒಳಗಿದ್ದವರು ಯಾರೆಂದು ತಿಳಿಯಲಿಲ್ಲ. ಪತ್ರಿಕೆಯವನು ಟ್ಯಾಕ್ಸಿ ಹಿಡಿದು ಓಟ ಮುಗಿಯುವ ಹೊತ್ತಿಗೆ ಬಂದ. ಗಂಡನ ಕೈಯಲ್ಲಿ ಬೆಳ್ಳಿಯ ಕಪ್ಪು ಕಂಡ, ಬ್ಯಾಂಡೇಜು ಕಂಡ, ಕಥೆ ಬರೆದ.

"ನಿಮಗ ಸಿಟ್ಟ ಬರಲಿಲ್ಲೇನ್ರಿ?" ಎಂದು ಕೇಳಿದೆ.

"ಬಂತಲ್ಲ. ಆದರ ಮನಿ ತುಂಬ ಮಂದಿ, ಅತ್ತಿಯವರು ಮಗನ ಕೈ ಹಿಡಕೊಂಡ ಅಳಲಿಕತ್ತಾರ. ಯಾರ ಮುಂದ ಹೇಳ್ಲಿ? ಇವರs ಹೇಳ್ತಾರ ಅಂತ ಕಾಯ್ದೆ. ಒಂದ ದಿನಾ ಕಾಯ್ದೆ. ಮರುದಿನಕ್ಕ ಅದು ಕಥಿ ಆಗಿಬಿಟ್ಟಿತ್ತು. ಕಥಿ ಆದ ಮ್ಯಾಲೆ ಯಾರ ಕೈಯಾಗ ಇರತದ?"

ಮೇಶೊಮಶಾಯ್ ತಲೆ ಬಗ್ಗಿಸಿ ಕೂತಿದ್ದರು. ಮಾಶಿಮಾ ಅವರತ್ತ ನೋಡಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಭಾನುವಾರ ಮಾಶಿಮಾ ಮೀನಿನ ಪೇಟೆಗೆ ಹೋಗಿದ್ದರು. ಮೇಶೊಮಶಾಯ್ ನಮ್ಮ ಎಂದಿನ ಪಾಠವನ್ನು ಕೈಯಿಂದ ತಳ್ಳಿಬಿಟ್ಟರು. ಗೋಡೆಯ ಫೋಟೋ ತೋರಿಸಿ, ಬೆವರುತ್ತ, "ಗಾಡಿ... ಓ... ಓ..." ಎಂದರು. ನನಗೆ ತಿಳಿಯಿತು. ನನ್ನ ಹರಕು ಬಂಗಾಳಿಯಲ್ಲಿ ವಾಕ್ಯ ಪೂರ್ತಿ ಮಾಡಿದೆ: "ಗಾಡಿ ಓ ಚಾಲಿಯೆಛಿಲೊ." ಕಾರನ್ನು ಓಡಿಸಿದ್ದು ಅವಳು. ಅವರ ಕಣ್ಣು ತುಂಬಿತು. ಸನ್ಮಾನದ ದಿನದವರೆಗೆ ಮಾಶಿಮಾ ಮನೆಯಲ್ಲಿ ಇಲ್ಲದಾಗಲೆಲ್ಲ ಅದೊಂದೇ ವಾಕ್ಯವನ್ನು ನಾವಿಬ್ಬರೂ ಉರುಹೊಡೆದೆವು. ಕೆಲವೊಮ್ಮೆ ಪೂರ್ತಿ ಬರುತ್ತಿತ್ತು, ಕೆಲವೊಮ್ಮೆ ಗಾಡಿಯಲ್ಲೇ ನಿಂತುಬಿಡುತ್ತಿತ್ತು. ಒಬ್ಬ ಮನುಷ್ಯನಿಗೆ ನಿಜ ಹೇಳಲು ನಲವತ್ತು ವರ್ಷ ಬಾಯಿ ಇತ್ತು. ಹೇಳಲೇಬೇಕೆಂದು ಅನ್ನಿಸಿದಾಗ ಮಾತು ಇರಲಿಲ್ಲ...

ಪ್ರದರ್ಶನದ ದಿನ ಮೈದಾನದ ತುಂಬ ಜನ. ಹೊಳೆಯುವ ಹಳೆಯ ಕಾರುಗಳು, ಟೋಪಿ ಹಾಕಿದ ಮುದುಕರು, ಐಸ್‌ಕ್ರೀಮು ಹಿಡಿದ ಮಕ್ಕಳು. ಕೆಂಪು ಕಾರನ್ನು ಒಂದು ಬದಿಗೆ ಚಾಲೂ ಮಾಡಿ ಇಟ್ಟಿದ್ದರು, ಆ ಎಣ್ಣೆಯ ವಾಸನೆ ಗಾಳಿಯಲ್ಲೆಲ್ಲ ಇತ್ತು. ಮಾಶಿಮಾ ಮೂಗರಳಿಸಿ ಒಮ್ಮೆ ಉಸಿರೆಳೆದುಕೊಂಡರು. ವೇದಿಕೆಯಲ್ಲಿ ಕಾರ್ಯದರ್ಶಿ ಸುಟ್ಟ ಕೈಯ ಕಥೆಯನ್ನು ಇನ್ನಷ್ಟು ಬೆಳೆಸಿ ಹೇಳಿದ, ಶಾಲು ಹೊದಿಸಿದ. ಮೇಶೊಮಶಾಯ್ ಮೈಕು ಬೇಕೆಂದು ಕೈ ಚಾಚಿದರು. ನಾನು ಕೆಳಗೆ ಮುಷ್ಟಿ ಬಿಗಿಹಿಡಿದು ಕೂತಿದ್ದೆ.

"ಗಾಡಿ..." ಎಂದರು. ಬಹಳ ಹೊತ್ತು ಏನೂ ಇಲ್ಲ. "ಓ... ಓ..."

ಅಷ್ಟೇ. ಅವರ ತುಟಿ ಅಲುಗುತ್ತಿತ್ತು, ಮಾತು ಹೊರಡಲಿಲ್ಲ. ಮುದುಕರು ಗದ್ಗದಿತರಾದರೆಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಾರ್ಯದರ್ಶಿ ಮೃದುವಾಗಿ ಮೈಕು ಬಿಡಿಸಿಕೊಂಡ. ನನ್ನ ಪಕ್ಕದಲ್ಲಿದ್ದ ಮಾಶಿಮಾ ನನ್ನತ್ತ ಹೊರಳಿ, "ಇದನ್ನ ನೀ ಕಲಿಸಿದೇನ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವರ ಮೂಗಿನ ತುದಿ ಕೆಂಪಾಯಿತು.

ಆಮೇಲೆ ಮೇಶೊಮಶಾಯರನ್ನು ಕೆಂಪು ಕಾರಿನಲ್ಲಿ ಮೈದಾನದ ಸುತ್ತ ಒಂದು ಸುತ್ತು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಓಡಿಸಲು ಯುವಕನೊಬ್ಬ ಆಗಲೇ ಕೂತಿದ್ದ. ಮೇಶೊಮಶಾಯ್ ಹತ್ತಲಿಲ್ಲ. ಕೋಲೂರುತ್ತ ಕಾರನ್ನು ಬಳಸಿ ಇನ್ನೊಂದು ಬದಿಗೆ ಹೋಗಿ, ಚಾಲಕನ ಕಡೆಯ ಬಾಗಿಲನ್ನು ಎಡಗೈಯಿಂದ ತೆಗೆದು, ಇಳಿ ಎಂದು ಆ ಯುವಕನಿಗೆ ಸನ್ನೆ ಮಾಡಿದರು. ಅವನು ಕಕ್ಕಾಬಿಕ್ಕಿಯಾಗಿ ಇಳಿದ. ಮೇಶೊಮಶಾಯ್ ಬಾಗಿಲು ಹಿಡಿದುಕೊಂಡೇ ಮಾಶಿಮಾರತ್ತ ನೋಡಿ ಹೇಳಿದರು:

"ಓ."

"ಹುಚ್ಚ ಹಿಡದದೇನ ನಿಮಗ? ಸೀರಿ ಉಟಗೊಂಡೇನಿ, ಕಾಲಾಗ ಚಪ್ಪಲಿ" ಎಂದು ಮಾಶಿಮಾ ಗದರಿದರು.

ಅವರು ಬಾಗಿಲು ಬಿಡಲಿಲ್ಲ. ಕಾರ್ಯದರ್ಶಿ ಓಡಿಬಂದ. ಆದರೂ ಬಿಡಲಿಲ್ಲ. ಮಾಶಿಮಾ ಚಪ್ಪಲಿ ಕಳಚಿ ನನ್ನ ಕೈಗಿತ್ತರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕೂತರು. ಮೇಶೊಮಶಾಯ್ ಕಾರನ್ನು ಬಳಸಿ ಬಂದು ಅವರ ಪಕ್ಕದಲ್ಲಿ ಹತ್ತಿ ಕೂತರು.

ಮೊದಲ ಅರ್ಧ ಸುತ್ತು ಮೆರವಣಿಗೆಯ ಕಾರಿನಂತೆ ಹೋಯಿತು. ದೂರದ ಮೂಲೆಯಲ್ಲಿ, ಜನರಿಲ್ಲದ ಕಡೆ, ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಏರಿತು. ಕಾರು ತಿರುವಿನಲ್ಲಿ ಹಿಂಬದಿ ತುಸು ಜಾರಿಸಿಕೊಂಡು, ಧೂಳೆಬ್ಬಿಸಿ, ಮತ್ತೆ ನೆಟ್ಟಗಾಗಿ ನಮ್ಮ ಕಡೆ ನುಗ್ಗಿ ಬಂತು. ಮಕ್ಕಳು ಕಿರುಚಿದರು. ಕಾರು ನಿಂತಾಗ ಮೇಶೊಮಶಾಯರ ಶಾಲು ಎಲ್ಲೋ ಹಾರಿಹೋಗಿತ್ತು, ಮಾಶಿಮಾರ ಗಂಟು ಬಿಚ್ಚಿ ಬಿಳಿಯ ಕೂದಲು ಮುಖದ ತುಂಬ ಹರಡಿತ್ತು.

ಗುಂಪಿನಿಂದ ಟೋಪಿಯ ಮುದುಕರೊಬ್ಬರು ಮುಂದೆ ಬಂದರು. ಅಂದಿನ ಓಟದಲ್ಲಿ ನಾಲ್ಕನೆಯವರಾಗಿ ಬಂದವರಂತೆ. ಮಾಶಿಮಾರನ್ನು ಅತ್ತಿಗೆ ಎಂದು ಕರೆದು ಹೇಳಿದರು: "ಅವತ್ತೂ ತಿರುವಿನಾಗ ಹಿಂಗs ಹೊರಳಸ್ತಿದ್ರಿ. ಎರಡ ತಾಸು ನಿಮ್ಮ ಹಿಂದ ಧೂಳಾ ತಿಂದೇನಿ. ಹೆಲ್ಮೆಟ್ಟಿನ ಕೆಳಗ ಜಡಿ ಕಾಣತಿತ್ತು."

"ಮತ್ತ ಇಷ್ಟ ವರ್ಷ ಯಾಕ ಬಾಯಿ ಮುಚಗೊಂಡ ಕೂತಿದ್ದಿ?"

"ಹೆಂಗಸಿನ ಹಿಂದ ಬಂದೆ ಅಂತ ನಾನs ಡಂಗುರಾ ಹೊಡೀಲೇನು?"

ಮಾಶಿಮಾ ನಕ್ಕರು. ಸ್ಟಿಯರಿಂಗ್ ಚಕ್ರದ ಮೇಲೆ ಹಣೆಯಿಟ್ಟು, ಮೈಯೆಲ್ಲ ಕುಲುಕುವಂತೆ ನಕ್ಕರು. ಆ ನಗು ಅಳುವಾಗಿ ತಿರುಗಿದ್ದು ಯಾವಾಗ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ಮೇಶೊಮಶಾಯ್ ತಮ್ಮ ಎಡಗೈಯನ್ನು ಅವರ ಬೆನ್ನ ಮೇಲೆ ಇಟ್ಟುಕೊಂಡು ಕೂತಿದ್ದರು.

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ, ಮಾಜಿ ರೇಸ್ ವೀರನನ್ನು ಸುತ್ತು ಹಾಕಿಸಿದ ಪತ್ನಿ ಎಂದು ಬರೆದಿದ್ದರು. ಮಾಶಿಮಾ ಅದರ ಮೇಲೆ ಮೀನು ಹೆಚ್ಚಿದರು.

ವಿಚಿತ್ರವೆಂದರೆ, ವೇದಿಕೆಯಲ್ಲಿ ಕೈಕೊಟ್ಟಿದ್ದ ಆ ವಾಕ್ಯ ಆಮೇಲೆ ಮೇಶೊಮಶಾಯರಿಗೆ ಸಲೀಸಾಗಿ ಬಂತು. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದರು. ಡಾಕ್ಟರಿಗೆ ಹೇಳಿದರು. ಪೂಜೆಗೆ ಚಂದಾ ಕೇಳಲು ಬಂದ ಓಣಿಯ ಹುಡುಗರನ್ನು ಕೂರಿಸಿಕೊಂಡು, ಫೋಟೋ ತೋರಿಸಿ ಹೇಳಿದರು. "ಸಾಕ ಮಾಡ್ರಿ, ಆ ಹುಡುಗರಿಗೆ ಇನ್ನೂ ನಾಕ ಮನಿ ತಿರಗೋದದ" ಎಂದು ಮಾಶಿಮಾ ಒಳಗಿನಿಂದ ಕೂಗುತ್ತಿದ್ದರು. ಆದರೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿರುತ್ತಿತ್ತು.

ಮುಂದಿನ ವರ್ಷ ದುರ್ಗಾಪೂಜೆಗೆ ಸ್ವಲ್ಪ ಮುಂಚೆ, ಎರಡನೆಯ ಸಲ ಪಾರ್ಶ್ವವಾಯು ಬಡಿದು ಮೇಶೊಮಶಾಯ್ ಹೋಗಿಬಿಟ್ಟರು. ಆ ಪೂಜೆಯ ದಿನಗಳಲ್ಲಿ ಊರೆಲ್ಲ ದೀಪ, ಡೋಲಿನ ಸದ್ದು. ಮಾಶಿಮಾ ವರಾಂಡದಲ್ಲಿ ಕೂತಿದ್ದರು, ನಾನು ಅವರ ಪಕ್ಕದಲ್ಲಿ. ಆ ನಾಲ್ಕು ತಾಸು ಕಾರಿನೊಳಗೆ ಹೇಗಿತ್ತು ಎಂದು ಕೇಳಿದೆ.

"ಅದನ್ನ ಯಾರೂ ಕೇಳಿಲ್ಲ ನೋಡ" ಎಂದರು. "ಕೈ ನೋವು, ಬೆನ್ನ ನೋವು, ಬಾಯಿ ತುಂಬ ಧೂಳು. ಕಾಂಕ್ರೀಟಿನ ಒಂದೊಂದ ಜೋಡಣಿಗೂ ಎಲುಬು ಅಲುಗತಿದ್ದವು. ಸಂಜಿ ಆಗಲಿಕ್ಕೆ ಬಂದಿತ್ತು. ಆದರ... ನಾಕ ತಾಸು ಯಾರೂ ನನ್ನ ಕರೀಲಿಲ್ಲವ್ವಾ. ಸೊಸಿ ಬಾ ಇಲ್ಲೆ ಅನ್ನವರಿಲ್ಲ, ಚಹಾ ಎಲ್ಲಿ ಅನ್ನವರಿಲ್ಲ. ಕರದರೂ ಕೇಳಸ್ತಿರಲಿಲ್ಲ. ಇನ್ನೂ ಎರಡ ತಾಸು ಕೊಟ್ಟಿದ್ದರ ಓಡಸ್ತಿದ್ದೆ."

ಅದಾದ ಮೇಲೆ ನಮಗೆ ಹುಬ್ಬಳ್ಳಿಗೆ ವರ್ಗವಾಯಿತು. ಕೆಲವು ವರ್ಷ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವರ ಕಿವಿ ಮಂದವಾದಂತೆ ಮಾತು ಕಡಿಮೆಯಾಯಿತು... ಒಂದು ದಿನ ಅವರ ಅಣ್ಣನ ಮಗ ಫೋನು ಮಾಡಿ, ನಿದ್ದೆಯಲ್ಲೇ ಹೋದರು ಎಂದ.

ಮೊನ್ನೆ ಹರಳೆಣ್ಣೆ ಸುಟ್ಟ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಜಾದವ್‌ಪುರದಲ್ಲಿ ಓದುತ್ತಿರುವ ತಂಗಿಯ ಮಗಳನ್ನು ನೋಡಿ ಬರುತ್ತೇನೆಂದು ನೆವ ಮಾಡಿ ಕೋಲ್ಕತ್ತಾಕ್ಕೆ ಹೋದೆ. ಬಾಲಿಗಂಜಿನ ಆ ಓಣಿಯನ್ನು ಎರಡು ಸಲ ದಾಟಿ ಹೋದೆ, ಗುರುತೇ ಹತ್ತಲಿಲ್ಲ. ವರಾಂಡ ಇದ್ದಲ್ಲಿ ಐದಂತಸ್ತಿನ ಫ್ಲಾಟು, ಕೆಳಗೆ ಕಾರು ನಿಲ್ಲಿಸುವ ಜಾಗ, ಕುರ್ಚಿ ಹಾಕಿಕೊಂಡು ಕೂತ ಕಾವಲುಗಾರ.

"ಯಾರ ಮನಿ ಬೇಕ್ರಿ?" ಎಂದ.

"ಮಾಶಿಮಾರ ಮನಿ" ಎಂದುಬಿಟ್ಟೆ.

"ಇಲ್ಲೆ ಭಾಳ ಮಂದಿ ಮಾಶಿಮಾ ಅದಾರ. ಯಾವ ಮಾಶಿಮಾ?"

"ಕಾರು ಓಡಸ್ತಿದ್ದರಲ್ಲ, ಅವರು" ಎಂದೆ.

ಅವನಿಗೆ ನಗು ಬಂತು. "ಇಲ್ಲೆ ಎಲ್ಲಾರೂ ಓಡಸ್ತಾರ, ದೀದಿ."

ಅಷ್ಟರಲ್ಲಿ ಒಳಗಿನಿಂದ ಕಾರೊಂದು ಹೊರಗೆ ಬಂತು. ಓಡಿಸುತ್ತಿದ್ದವಳು ಆಫೀಸಿಗೆ ಹೊರಟ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ. ನಾನು ಗೇಟಿಗೆ ಅಡ್ಡ ನಿಂತಿದ್ದೆ. ಅವಳು ಒಮ್ಮೆ ಹಾರ್ನ್ ಮಾಡಿದಳು. ನಾನು ಬದಿಗೆ ಸರಿದು ದಾರಿ ಬಿಟ್ಟೆ.