ಗಂಗಮ್ಮನ ಮುಂದೆ ಬರಿಗಾಲು

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಅಮ್ಮ ಚಪ್ಪಲಿ ಬಿಟ್ಟಳು. ಆ ಗಳಿಗೆಯಲ್ಲೇ ಅವಳ ಫೋಟೊ ತೆಗೆದಿದ್ದರಿಂದ ಸಮಯ ಗೊತ್ತು.

ನಾವಿರುವ ಮರ್ಫಿಯಿಂದ ಡ್ರೈವ್ ಮಾಡಿಕೊಂಡು ಆಸ್ಟಿನ್ ಹೊರವಲಯದ ಒಂದು ಹಳೇ ಬಂಗಲೆ ತೋರಿಸಲು ಅವಳನ್ನು ಕರೆದೊಯ್ದಿದ್ದೆ. ಸುಣ್ಣಕಲ್ಲಿನ ಮನೆ, ಹಿಂದೆ ಆಳೆತ್ತರದ ಗೋಡೆ ಸುತ್ತಿದ ತೋಟ. ತೋಟದ ಮಧ್ಯೆ ಕೊಡದಿಂದ ನೀರು ಸುರಿಯುವ ಕಲ್ಲಿನ ಹೆಣ್ಣನ್ನು ಕಂಡದ್ದೇ ತಡ, ಗಂಗಮ್ಮ ಎಂದು ತೀರ್ಮಾನಿಸಿಬಿಟ್ಟಳು. ಅದು ಬರೀ ಕಾರಂಜಿ ಎಂದರೆ ಕೇಳಬೇಕಲ್ಲ.

"ಕೊಡ ಹಿಡ್ಕೊಂಡು ನಿಂತಿದಾಳೆ, ಇನ್ಯಾರಾಗ್ತಾಳೆ? ನೀನು ಬೇಕಾದ್ರೆ ಚಪ್ಪಲಿ ಹಾಕ್ಕೊಂಡೇ ನಿಂತ್ಕೋ."

ಕೈಮುಗಿದು ನಿಂತದ್ದು ಕೆಂಪಿರುವೆಯ ಗೂಡಿನ ಮೇಲೆ. ಕಾಲು ಕೊಡವಿಕೊಂಡು ನಕ್ಕಳು. ಸ್ವಲ್ಪ ಹೊತ್ತಿಗೆ ಕತ್ತಿನ ತುಂಬ ದದ್ದು ಎದ್ದಿತು, ತುಟಿ ಊದಿತು, ದನಿ ಹೋಗಿ ಉಸಿರು ಸೀಟಿ ಹೊಡೆಯತೊಡಗಿತು. ಬಂಗಲೆ ತೋರಿಸುತ್ತಿದ್ದ ಗೈಡ್ ಹೆಂಗಸು ನಮಗೆ ಬೆನ್ನು ಹಾಕಿ, ಗೋಡೆಯ ಕಲ್ಲು ಎಲ್ಲಿಂದ ಬಂತೆಂದು ವಿವರಿಸುತ್ತಲೇ ಇದ್ದಳು. ನಾನು ಕೂಗಿದರೆ, ಪ್ರಶ್ನೆಗಳೆಲ್ಲ ಕೊನೆಗೆ ಎಂದಳು. ಅಮ್ಮ ಕುಸಿದ ಮೇಲೆಯೇ ಅವಳು ಫೋನ್ ತೆಗೆದದ್ದು. ತೋಟದ ಕಿರುಬಾಗಿಲಲ್ಲಿ ಆಂಬುಲೆನ್ಸ್ ಹಿಡಿಸದೆ ಸ್ಟ್ರೆಚರ್ ಹೊತ್ತು ಓಡಿಬಂದರು. ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಅಮ್ಮನ ಉಸಿರಿನ ಸೀಟಿಯಂಥ ಸದ್ದು ನಿಂತಿತು. ನನ್ನ ಕಿವಿಯಲ್ಲಿ ನಿಲ್ಲಲಿಲ್ಲ.

ಇನ್ನೊಮ್ಮೆ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು, ಬರಿಗಾಲಲ್ಲಿ ಹುಲ್ಲಿಗೆ ಇಳಿಯಕೂಡದು ಎಂದರು ಡಾಕ್ಟರು. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದ ಮರುದಿನವೇ ನಸುಕಿನಲ್ಲಿ ತಂಬಿಗೆ ಹಿಡಿದು, ಬರಿಗಾಲಲ್ಲಿ ಹಿತ್ತಿಲ ತುಳಸಿಗೆ ನೀರು ಹಾಕಲು ಹೊರಟಿದ್ದಳು. ನಮ್ಮ ಹಿತ್ತಿಲಲ್ಲೂ ಅದೇ ಇರುವೆ. ಕುಂಡ ಒಳಗಿಡೋಣವೆಂದರೆ ಬಿಸಿಲಿಲ್ಲದೆ ಒಣಗುತ್ತದಂತೆ. ಚಪ್ಪಲಿ ಎಂದರೆ ಮುಖ ತಿರುಗಿಸುತ್ತಾಳೆ. ಬೈದೆ, ಅತ್ತು ನೋಡಿದೆ, ಮಾತು ಬಿಟ್ಟೆ. ಹಿತ್ತಿಲ ಬಾಗಿಲು ಸದ್ದಾಯಿತೇನೋ ಎಂದು ರಾತ್ರಿಯೆಲ್ಲ ಏಳುವುದೇ ಆಯಿತು. ಕಣ್ಣು ಮುಚ್ಚಿದರೆ ಆ ಗೋಡೆ, ಆ ಸದ್ದು.

ಕೊನೆಗೊಂದು ಶನಿವಾರ ಇರ್ವಿಂಗ್‌ಗೆ ದಿನಸಿ ತರಲು ಹೋದಾಗ, ಪಕ್ಕದ ಅಂಗಡಿಯಲ್ಲಿ ತೊಗಲಿಲ್ಲದ ಬಿಳಿ ಕ್ಯಾನ್ವಾಸ್ ಶೂ ತಾನೇ ಆರಿಸಿದಳು. ಮರುದಿನ ಅದಕ್ಕೆ ಅರಿಶಿನದ ನೀರು ಚಿಮುಕಿಸಿ ಹಾಕಿಕೊಂಡು ತುಳಸಿಯ ಮುಂದೆ ನಿಂತಿದ್ದಳು. ಆಮೇಲೆ ಬಾಗಿಲ ಬಳಿ ಬಿಚ್ಚಿಟ್ಟದ್ದನ್ನು ಎತ್ತಿಡಲು ಹೋದರೆ ನನ್ನನ್ನೇ ಗದರಿದಳು.

"ಮುಟ್ಬೇಡ. ಅದು ಮಡಿ ಶೂ. ಸ್ನಾನ ಮಾಡ್ದೆ ಯಾರೂ ಮುಟ್ಟೋ ಹಾಗಿಲ್ಲ."

ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ಕೇಳಬೇಕೆನಿಸಿತು. ನಾನು ಅಂದು ರಾತ್ರಿ ಮಲಗಿದವಳು ಎದ್ದಾಗ ಬೆಳಕು ಹರಿದಿತ್ತು. ಅಮ್ಮ ಆಗಲೇ ತುಳಸಿಗೆ ನೀರು ಹಾಕಿ ಬಂದಿದ್ದಳು. ಬಾಗಿಲ ಸದ್ದು ನನಗೆ ಕೇಳಿಸಿರಲೇ ಇಲ್ಲ.