ಪಟ್ಟಿಯಲ್ಲಿ ಬರೆಯದ ನಲವತ್ತು ವಾಟ್

ಭೋಜನಿಗೆ ಅರವತ್ತೆರಡು ವರ್ಷ. ಅದರಲ್ಲಿ ಮೂವತ್ತನ್ನು ಅಡುಗೆಮನೆಗಳಲ್ಲಿ ನಿಂತೇ ಕಳೆದಿದ್ದಾನೆ. ಕುಂದಾಪುರದಿಂದ ಈ ಚಳಿ ದೇಶಕ್ಕೆ ಬಂದ ಮೇಲೆ ಹದಿನೆಂಟು ವರ್ಷ ಕಿಂಗ್ಸ್‌ಬರಿಯ ಒಂದು ದೋಸೆ ಹೋಟೆಲಿನಲ್ಲಿ, ಆಮೇಲೆ ಫೆಲ್ಥಮ್‌ನಲ್ಲಿ, ವಿಮಾನಗಳಿಗೆ ಊಟದ ತಟ್ಟೆ ತುಂಬಿಸುವ ಕಾರ್ಖಾನೆಯಲ್ಲಿ. ಮಂಡಿಗಳು ಸವೆದ ಮೇಲೆ, ಕಳೆದ ನವೆಂಬರಿನಲ್ಲಿ, ಕೆಲಸ ಬಿಟ್ಟ. ಬಿಟ್ಟ ವಾರವೇ ಯಾರೋ ಹೂವಿನಂಗಡಿಯವರು ಓಡಿಸುತ್ತಿದ್ದ ಹಳೆಯ ವ್ಯಾನ್ ತಂದು ಮನೆಯ ಮುಂದೆ ನಿಲ್ಲಿಸಿದ. ಚಳಿಗಾಲವಿಡೀ ಅದರೊಳಗೆ ಕೂತು ಮಲಗುವ ಹಲಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್, ಒಂದು ಬ್ಯಾಟರಿ, ಅದರ ಕರೆಂಟನ್ನು ಮನೆಯ ಪ್ಲಗ್ಗಿಗೆ ಒಗ್ಗಿಸುವ ಇನ್ವರ್ಟರ್, ಎಲ್ಲವನ್ನೂ ಅವನೇ ಕೂರಿಸಿದ.

ಅಕ್ಸ್‌ಬ್ರಿಡ್ಜ್‌ನಲ್ಲಿರುವ ಮಗಳು ಪ್ರೇಕ್ಷಾ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಅಪ್ಪ, ಜಸ್ಟ್ ಬುಕ್ ಅ ಹೋಟೆಲ್. ಲೈಕ್ ನಾರ್ಮಲ್ ಪೀಪಲ್."

"ಹೋಟ್ಲಂಗೇ ಇದ್ದದ್ದ್ ಹದ್ನೆಂಟ್ ವರ್ಷ. ಸಾಕ್ ಮಾರಾಯ್ತಿ."

"ದೆನ್ ಅ ಕ್ಯಾಂಪ್‌ಸೈಟ್. ದೇ ಹ್ಯಾವ್ ಪ್ಲಗ್ಸ್."

"ಪ್ಲಗ್ ಇಪ್ಪಲ್ಲಿ ಜನ ಇರ್ತ್ರ್."

ಅವನ ಆಸೆ ಅಷ್ಟೇ: ಉತ್ತರಕ್ಕೆ ಹೋಗಿ, ಜನವಿಲ್ಲದ ಕಡೆ, ತಲೆಯ ಮೇಲೆ ವಿಮಾನ ಹಾರದ ಕಡೆ, ಕೆಲವು ದಿನ ಸುಮ್ಮನೆ ಮಲಗುವುದು. ಹೆಂಡತಿ ಗುಣವತಿ ಜೊತೆಗಿರಬೇಕು. ತೊಡಕಿದ್ದದ್ದು ಅಲ್ಲೇ. ಗುಣವತಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ಆರು ವರ್ಷಗಳಿಂದ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಒತ್ತಿ ಕೊಡುವ ಯಂತ್ರದ ಪಕ್ಕದಲ್ಲಿ ಮಲಗುತ್ತಾಳೆ. ಕರೆಂಟ್ ಇಲ್ಲದ ಕಡೆ ಆ ಯಂತ್ರ ಬರೀ ಡಬ್ಬ.

ಅವಳು ಷರತ್ತು ಹಾಕಿದಳು. "ಹ್ವಾಯ್, ಕಾಣಿ. ಮನೆ ಎದ್ರಿಗೇ ಒಂದ್ ರಾತ್ರಿ ಮಲ್ಕಂಡ್ ಕಾಂಬ. ಬೆಳ್ಗಿನ್ ತನ್ಕ ಮಿಷನ್ ನಡುದ್ರೆ ಬತ್ತೆ. ನಡೂಗೆ ನಿಂತ್ರೆ ನಾ ಬತ್ತಿಲ್ಲೆ, ನೀವೂ ವ್ಯಾನ್ ಯಾರಿಗಾರೂ ಕೊಟ್ ಬಿಡಿ."

ಪಕ್ಕದ ಮನೆಯವಳಾದ ನಾನು ಒಂದು ಕಾಲದಲ್ಲಿ ಭೌತಶಾಸ್ತ್ರ ಕಲಿಸಿದವಳು. ಹಾಗಾಗಿ ಲೆಕ್ಕ ನನ್ನ ಮೇಜಿಗೆ ಬಂತು. ವಿಷಯ ಕಷ್ಟದ್ದಲ್ಲ. ಉಪಕರಣದ ಬೆನ್ನ ಮೇಲೆ ಬರೆದಿರುವ ವಾಟ್ ಎಷ್ಟು, ಅದು ಎಷ್ಟು ಗಂಟೆ ಓಡುತ್ತದೆ, ಎರಡನ್ನೂ ಗುಣಿಸಬೇಕು. ಬಂದದ್ದು ವಾಟ್-ಗಂಟೆ, ಅದೇ ಖರ್ಚು. ಬ್ಯಾಟರಿಯ ಮೇಲೆ ನೂರು ಆಂಪಿಯರ್-ಗಂಟೆ, ಹನ್ನೆರಡು ವೋಲ್ಟ್ ಎಂದಿತ್ತು. ಗುಣಿಸಿದರೆ ಸಾವಿರದ ಇನ್ನೂರು. ಆದರೆ ಅದು ಸೀಸದ ಬ್ಯಾಟರಿ. ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಕೆಡುತ್ತದೆ. ಆರುನೂರು ಮಾತ್ರ ನಮ್ಮದು ಎಂದೆ.

"ಡಬ್ಬಿಯಂಗೆ ಅಕ್ಕಿ ಇತ್ತ್, ಅರ್ಧ ಮುಟ್ಟುಕಿಲ್ಲೆ! ಎಂತ ಬ್ಯಾಟ್ರಿ ಟೀಚರೇ ಇದ್?" ಎಂದು ಭೋಜ ಗೊಣಗಿದ.

"ಮುಟ್ಟದೇ ಇರೋ ಹಾಗೆ ಒಂದು ಕಟ್-ಆಫ್ ಹಾಕಿಸು. ಅರ್ಧಕ್ಕೆ ಬಂದ ಕೂಡಲೇ ಅದೇ ನಿಲ್ಲಿಸುತ್ತೆ," ಎಂದೆ. ಹಾಕಿಸಿದ.

ಪಟ್ಟಿ ಮಾಡಿದೆವು. ಗುಣವತಿಯ ಯಂತ್ರ ಮೂವತ್ತು ವಾಟ್, ಎಂಟು ಗಂಟೆ, ಇನ್ನೂರ ನಲವತ್ತು. ಗಾಳಿಯನ್ನು ಬೆಚ್ಚಗೆ ಮಾಡುವ ಭಾಗವನ್ನು ಬಂದ್ ಮಾಡಿಸಿದೆ, ಅದೊಂದೇ ಯಂತ್ರದಷ್ಟು ತಿನ್ನುತ್ತದೆ. ಫ್ರಿಜ್ ಬಿಟ್ಟು ಬಿಟ್ಟು ಓಡುವುದರಿಂದ ನೂರಿಪ್ಪತ್ತು. ಇನ್ವರ್ಟರ್ ಸುಮ್ಮನೆ ಕೂತರೂ ನೂರು. ದೀಪ, ಫೋನಿಗೆ ಮೂವತ್ತು. ಒಟ್ಟು ನಾನೂರ ತೊಂಬತ್ತು. ಮಾರ್ಚ್ ತಿಂಗಳ ಮೋಡದಲ್ಲಿ ವ್ಯಾನಿನ ಛಾವಣಿಗೆ ನೀನು ಕೂರಿಸಿದ ಸೋಲಾರ್ ಹಲಗೆಯನ್ನು ನಂಬಬೇಡ, ವ್ಯಾನ್ ಓಡಿಸಿಯೇ ಬ್ಯಾಟರಿ ತುಂಬಿಸು ಎಂದೆ. ಪಟ್ಟಿ ಸರಿಯಿದೆ ಎಂದವಳೂ ನಾನೇ.

ಶನಿವಾರ ಬ್ಯಾಟರಿ ಪೂರ್ತಿ ತುಂಬಿಸಿ, ರಾತ್ರಿ ಹನ್ನೊಂದಕ್ಕೆ ಇಬ್ಬರೂ ವ್ಯಾನಿನಲ್ಲಿ ಮಲಗಿದರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ಗುಣವತಿ ಮನೆಯ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದಳು. ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಇತ್ತು.

"ಐದ್ ಗಂಟಿಗೆ ಮೊದ್ಲೇ ನಿಂತ್ತ್," ಅಂದಳು. "ಉಸ್ರ್ ಕಟ್ಟಿ ಎದ್ದೆ. ಒಳಗ್ ಬಂದ್ ಮಲ್ಕಂಡೆ. ಇನ್ನ್ ಆ ವ್ಯಾನ್ ಡಬ್ಬಿ ಬ್ಯಾಡ ಟೀಚರೇ."

ವ್ಯಾನಿನೊಳಗೆ ಭೋಜ ಹಲಗೆಯ ಅಂಚಿನಲ್ಲಿ ಕೂತು ನನ್ನ ಪಟ್ಟಿಯನ್ನು ನೋಡುತ್ತಿದ್ದ. ರಾತ್ರಿ ಪಾಳಿ ಮುಗಿಸಿ ಬಂದವನ ಮುಖ. "ಲೆಕ್ಕ ಎಲ್ಲ್ ತಪ್ಪಿತ್?" ಎಂದು ಕೇಳಿದ.

ಲೆಕ್ಕ ತಪ್ಪಿರಲಿಲ್ಲ. ನಾನು ಒಳಗೆ ಹತ್ತಿದ ಕೂಡಲೇ ಹುಳಿ ವಾಸನೆ ಬಂತು. ಒಲೆಯ ಕೆಳಗಿನ ಗೂಡಿನ ಬಾಗಿಲು ತೆಗೆದೆ. ಸ್ಟೀಲ್ ಡಬ್ಬಿಯಿಂದ ಇಡ್ಲಿ ಹಿಟ್ಟು ಉಬ್ಬಿ, ಮುಚ್ಚಳ ಎತ್ತಿಕೊಂಡು, ಪಕ್ಕಕ್ಕೆ ಇಳಿದಿತ್ತು. ಡಬ್ಬಿಗೆ ಬೆನ್ನುನೋವಿಗೆ ಕಟ್ಟಿಕೊಳ್ಳುವ ಬಿಸಿ ಪ್ಯಾಡ್ ಸುತ್ತಿತ್ತು. ಅದರ ವೈರ್ ಇನ್ವರ್ಟರಿಗೆ ಹೋಗಿತ್ತು. ಪ್ಯಾಡಿಗೆ ಹೊಲಿದ ಚೀಟಿಯಲ್ಲಿ ನಲವತ್ತು ವಾಟ್ ಎಂದಿತ್ತು.

"ಇದು ಪಟ್ಟಿಯಲ್ಲಿ ಇತ್ತಾ?"

ಭೋಜ ಬಗ್ಗಿ ಡಬ್ಬಿಯ ಮುಚ್ಚಳ ಒತ್ತಿದ. "ಇದ್ ಹಿಟ್ಟಲ್ದಾ," ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಹದಿನೆಂಟು ವರ್ಷ ಹೋಟೆಲಿನಲ್ಲಿ ದೀಪ ಆರಿಸುವ ಮೊದಲಿನ ಅವನ ಕೊನೆಯ ಕೆಲಸ ಹಿಟ್ಟನ್ನು ಬೆಚ್ಚಗೆ ಇಡುವುದು. ಈ ದೇಶದ ಚಳಿಯಲ್ಲಿ ಹಾಗೆ ಇಡದಿದ್ದರೆ ಹಿಟ್ಟು ಮಲಗಿದಲ್ಲೇ ಮಲಗಿರುತ್ತದೆ. ಮನೆಯಲ್ಲೂ ಅದೇ ಅಭ್ಯಾಸ, ಅದೇ ಪ್ಯಾಡ್. ಶನಿವಾರವೂ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿ ಮುಗಿಸಿತ್ತು. ದೀಪ ಕರೆಂಟು, ಫ್ರಿಜ್ ಕರೆಂಟು. ಹಿಟ್ಟು ಮಾತ್ರ ಹಿಟ್ಟು. ನಲವತ್ತು ವಾಟ್, ಎಂಟು ಗಂಟೆ, ಮುನ್ನೂರ ಇಪ್ಪತ್ತು; ಪಟ್ಟಿಯ ಒಟ್ಟಿಗೆ ಕೂಡಿಸಿದರೆ ಎಂಟುನೂರ ಹತ್ತು. ಆರುನೂರು ತಲುಪಿದ ಕ್ಷಣ ಕಟ್-ಆಫ್ ತನ್ನ ಕೆಲಸ ಮಾಡಿತ್ತು.

ಬಾಗಿಲಲ್ಲಿ ಗುಣವತಿ ನಿಂತಿದ್ದಳು. "ನನ್ ಉಸ್ರ್ ಹಿಟ್ಟಿಗ್ ಹೋಯ್ತಾ?"

"ಬೆಳಿಗ್ಗೆ ನಿಂಗ್ ಬಿಸಿ ಇಡ್ಲಿ..."

"ಇಡ್ಲಿ ತಿಂಬುಕೆ ಬದ್ಕಿರ್ಕಲೆ!"

ಆಮೇಲೆ ಅವಳೇ ಒಳಗೆ ಬಂದು ಚೆಲ್ಲಿದ ಹಿಟ್ಟನ್ನು ಬಟ್ಟೆಯಿಂದ ಒರೆಸಿದಳು. ಉಳಿದದ್ದರಲ್ಲಿ ಇಡ್ಲಿ ಮಾಡಿ ಮೂವರೂ ತಿಂದೆವು. ಇಡ್ಲಿ ಮೆದುವಾಗಿತ್ತು, ಗುಣವತಿ ಎರಡನೆಯ ಸಲವೂ ಹಾಕಿಸಿಕೊಂಡಳು.

ಇನ್ನೊಂದು ರಾತ್ರಿ ಕೊಡು ಎಂದು ಕೇಳುವ ಶಕ್ತಿ ಭೋಜನಲ್ಲಿ ಇರಲಿಲ್ಲ. ವ್ಯಾನಿನ ಕೀಲಿಯನ್ನು ಮನೆಯ ಫ್ರಿಜ್ ಮೇಲಿಟ್ಟು ಮೂರು ದಿನ ಅತ್ತ ನೋಡಲಿಲ್ಲ. ನಾಲ್ಕನೆಯ ದಿನ ಗುಣವತಿಯೇ ಮಾತೆತ್ತಿದಳು.

"ಹ್ವಾಯ್, ನೀರ್ ದೋಸಿಗೆ ಹುಳಿ ಬರ್ಕಾ?"

"ಬ್ಯಾಡ."

"ಬಿಸಿ?"

"ಬ್ಯಾಡ. ಕಡುದ್ ಫ್ರಿಜ್ಜಂಗೆ ಇಟ್ರೆ ಆತ್ತ್."

"ಹಂಗಾರೆ ಆ ಪ್ಯಾಡ್ ನಂಗ್ ಕೊಡಿ." ಅವಳು ಅದನ್ನು ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಭೋಜ ವ್ಯಾನನ್ನು ನಾಲ್ಕು ಗಂಟೆ ಓಡಿಸಿ, ಉಳಿದದ್ದನ್ನು ಮನೆಯ ಚಾರ್ಜರಿನಿಂದ ತುಂಬಿಸಿದ.

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಏಳಕ್ಕೆ ಯಂತ್ರ ಇನ್ನೂ ಉಸಿರಾಡುತ್ತಿತ್ತು. ಗುಣವತಿ ಮಾಸ್ಕ್ ಬಿಚ್ಚಿ, ತಾನೇ ಸ್ವಿಚ್ ಒತ್ತಿ ಅದನ್ನು ನಿಲ್ಲಿಸಿದಳು.

"ಎರಡ್ ರಾತ್ರಿ ಬತ್ತೆ. ಮೂರ್ನೆದ್ ಪ್ಲಗ್ ಇಪ್ಪಲ್ಲಿ, ಜನ ಇದ್ರೂ ಸೈ."

"ಸೈ," ಎಂದ ಭೋಜ.

ಹೊರಡುವ ಮುಂಚೆ ಅವನು ಪಟ್ಟಿಯನ್ನು ಮತ್ತೆ ಬರೆದು ನನಗೆ ತೋರಿಸಿದ. ಕೊನೆಯ ಸಾಲು ಹೊಸದು: ನೀರು ದೋಸೆ ಹಿಟ್ಟು, ಸೊನ್ನೆ ವಾಟ್.