ದಡ ಭದ್ರವಾಗಿದೆ ಎಂಬ ಷರಾ

ಆಷಾಢ ಶುದ್ಧ ಸಪ್ತಮಿ, ಮಂಗಳವಾರ, ಬೆಳಗ್ಗೆ ಎಂಟೂಮುಕ್ಕಾಲು ಗಂಟೆ. ಮದ್ದೂರು ರೈಲ್ವೆ ನಿಲ್ದಾಣದಲ್ಲಿ ಹಾಜರಿದ್ದವರು ಮೂವರು: ನಮ್ಮೂರ ಪಟೇಲ ಕಾಳೇಗೌಡರು, ಗಾಡಿಚಕ್ರ ಮಾಡುವ ಇಬ್ರಾಹಿಂ ಸಾಬರು, ಮತ್ತು ಮೂವತ್ತು ವರ್ಷ ಮೇಷ್ಟರಾಗಿದ್ದು ನಿವೃತ್ತನಾದ ನಾನು. ರೈಲು ಇಪ್ಪತ್ತು ನಿಮಿಷ ತಡವಾಗಿ ಬಂತು. ಮಂಡ್ಯಕ್ಕೆ ತಲೆಗೆ ಮೂರಾಣೆ.

ನಮ್ಮೂರು ಮದ್ದೂರಿನಿಂದ ಎರಡು ಮೈಲಿ ದೂರ, ಶಿಂಷಾ ಹೊಳೆಯ ದಡದಲ್ಲಿದೆ. ಎರಡು ಮಳೆಗಾಲದಿಂದ ಹೊಳೆ ದಡವನ್ನು ಕೊರೆಯುತ್ತಿತ್ತು. ಇಬ್ರಾಹಿಂ ಸಾಬರ ಮನೆ ತೀರ ಅಂಚಿನಲ್ಲಿತ್ತು. ಕಲ್ಲಿನ ತಡೆಗೋಡೆ ಕಟ್ಟಲು ಸರ್ಕಾರದ ಸಹಾಯಧನ ಕೋರಿ ಮಾಘದಲ್ಲಿ ನಾನೇ ಅರ್ಜಿ ಬರೆದಿದ್ದೆ. ಇಂಜಿನಿಯರು ಸ್ಥಳ ನೋಡಲು ಬಂದಾಗ ನಾನು ಮೈಸೂರಿನಲ್ಲಿ, ಮಗಳ ಮನೆಯಲ್ಲಿದ್ದೆ. ಹಿಂದಿನ ದಿನ ಸಂಜೆಯಷ್ಟೇ ಮರಳಿದ್ದೆ. ಹೊಳೆಯ ಕಡೆ ಇನ್ನೂ ಹೋಗಿರಲಿಲ್ಲ. ಅರ್ಜಿ ಏನಾಯಿತೆಂದು ವಿಚಾರಿಸುವುದೇ ಈ ಪ್ರಯಾಣದ ಉದ್ದೇಶ.

ಮಂಡ್ಯದಲ್ಲಿ ಇಳಿದಾಗ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಊರನ್ನೆಲ್ಲ ತುಂಬಿತ್ತು. ಉಪ್ಪಿಟ್ಟು, ಕಾಫಿ ಮುಗಿಸಿ ಹನ್ನೊಂದಕ್ಕೆ ಸರಿಯಾಗಿ ಕಚೇರಿಯ ಮೆಟ್ಟಿಲು ಹತ್ತಿದೆವು. ಗುಮಾಸ್ತರು ಕಡತ ಬಿಚ್ಚಿ ಇಂಜಿನಿಯರ ಷರಾ ಓದಿದರು: "ದಡ ಭದ್ರವಾಗಿದೆ. ಚಪ್ಪಡಿ ಹಾಸಿದೆ. ಸಹಾಯಧನದ ಅಗತ್ಯ ಕಾಣದು."

"ಇದು ಯಾವ ಊರಿನ ದಡ ಸ್ವಾಮಿ?" ಎಂದೆ.

"ನಿಮ್ಮೂರೇ. ಅರ್ಜಿಯ ಅಕ್ಷರವೂ ನಿಮ್ಮದೇ ಅಲ್ಲವೇ?"

ಹೊರಗೆ ಬಂದು ಪಟೇಲರ ಮುಖ ನೋಡಿದೆ. ಅವರು ಪೇಟ ಸರಿಮಾಡಿಕೊಂಡರು.

"ಅದೂ ಮೇಷ್ಟ್ರೇ, ಸಾಯೇಬ್ರು ಬತ್ತರೆ ಅಂತ ಕಾಗ್ಜ ಬಂತು. ಆಳುಬಿದ್ದ ಜಾಗ್ದಲ್ಲಿ ಅವ್ರ್ನ ಕೂರ್ಸಾಕಾಯ್ತದಾ? ಒಂಚೂರು ಸರಿಮಾಡುಸ್ದೆ."

"ಏನು ಸರಿಮಾಡಿಸಿದಿರಿ?"

"ಇಬ್ರಾಯಿ ಮನೆ ಮುಂದ್ಲ ಕೊರಕ್ಲಿಗೆ ಕಬ್ಬಿನ ತರಗು ತುಂಬುಸ್ದೆ, ಮ್ಯಾಲೆ ಮಣ್ಣು, ಅದ್ರ ಮ್ಯಾಲೆ ಚಪ್ಪಡಿ. ಸಗಣಿ ಸಾರ್ಸಿ, ರಂಗೋಲಿ ಬುಡ್ಸಿ, ಚಪ್ಪರ ಆಕುಸ್ದೆ. ಅಲ್ಲೇ ಕುರ್ಚಿ."

ಇಬ್ರಾಹಿಂ ಸಾಬರ ಕಡೆ ತಿರುಗಿದೆ. "ಮನೆ ನಿಮ್ಮದು. ನೀವಾದರೂ ಬೇಡ ಎನ್ನಬಾರದಿತ್ತೇ?"

"ನಮ್ ಬಾಗ್ಲಲ್ಲಿ ದೊಡ್ಡೋರು ಬಂದ್ ಕೂರ್ತಾರೆ ಅಂದ್ರೆ ಎಂಗ್ ಬ್ಯಾಡ ಅನ್ಲಿ ಮೇಷ್ಟ್ರೇ? ನಾನೂ ಎರಡ್ ಗಾಡಿ ಮಣ್ಣು ಒಡ್ದೆ."

ಬೈಯಲು ಸಮಯವಿರಲಿಲ್ಲ. ಇಂಜಿನಿಯರು ಅಂದು ಮಳವಳ್ಳಿಯಲ್ಲಿ ಮೊಕ್ಕಾಂ ಇದ್ದಾರೆ, ಸಂಜೆ ಸಹಾಯಧನದ ಪಟ್ಟಿ ಮೇಲಕ್ಕೆ ಹೋಗುತ್ತದೆ ಎಂದು ಗುಮಾಸ್ತರು ಹೇಳಿದ್ದರು. ಹನ್ನೆರಡರ ಬಸ್ಸು ಹಿಡಿದೆವು, ತಲೆಗೆ ಏಳಾಣೆ. ಯುದ್ಧದಿಂದ ಪೆಟ್ರೋಲು ಇಲ್ಲ. ಬಸ್ಸಿನ ಹಿಂದೆ ಇದ್ದಿಲು ಒಲೆ. ಏರು ಬಂದಾಗ ಎಲ್ಲರೂ ಇಳಿಯಬೇಕು. "ಇಳೀರಿ ಗೌಡ್ರೇ, ಪೇಟದ್ದೂ ತೂಕ ಅದೆ," ಎಂದು ಕಂಡಕ್ಟರು ಪಟೇಲರನ್ನೂ ಬಿಡಲಿಲ್ಲ. ಇಪ್ಪತ್ತು ಮೈಲಿಗೆ ಎರಡೂವರೆ ಗಂಟೆ ಹಿಡಿಯಿತು. ತುಂತುರು ಮಳೆ.

ಮಳವಳ್ಳಿಯ ಬಂಗಲೆಯಲ್ಲಿ ಇಂಜಿನಿಯರು ಕಾಫಿ ಕುಡಿಯುತ್ತಿದ್ದರು. ನಾನು ವಿಷಯ ತಿಳಿಸಿದೆ. ಅವರು ಪಟೇಲರನ್ನು ಕೇಳಿದರು: "ಚಪ್ಪಡಿಯ ಕೆಳಗೆ ಏನಿತ್ತು?"

"ಮಣ್ಣು, ತರಗು ಬುದ್ದೀ."

"ಅದರ ಕೆಳಗೆ?"

"ಒಳೆ."

ಲೋಟ ಮೇಜಿನ ಮೇಲೆ ಕುಳಿತಿತು. "ಮುಕ್ಕಾಲು ಗಂಟೆ ನಾನು ಅದರ ಮೇಲೆ ಕೂತಿದ್ದೆ! ಊಟ ಮಾಡಿದೆ!"

"ಕೋಸಂಬ್ರಿ ಇನ್ನೊಂದ್ ದಪ ಆಕುಸ್ಕಂಡ್ರಿ," ಎಂದರು ಪಟೇಲರು, ಸಂತೋಷದಿಂದ.

ಇಂಜಿನಿಯರು ನಗಲಿಲ್ಲ. ಕೊರಕಲನ್ನು ಮುಚ್ಚಿಸಿದ್ದಾಗಿ ಪಟೇಲರು ಬರೆದುಕೊಟ್ಟರೆ ಮಾತ್ರ ಷರಾ ಹೊಡೆದುಹಾಕುತ್ತೇನೆ ಎಂದರು. "ಆದರೆ ಆ ಕಾಗದ ಮೇಲೆ ಹೋದರೆ ನಿಮ್ಮ ಪಟೇಲಿಕೆ ಹೋಗಬಹುದು. ಯೋಚನೆ ಮಾಡಿ."

ಪಟೇಲರು ಪೇಟ ಮುಟ್ಟಿ ನೋಡಿಕೊಂಡರು. ಇಬ್ರಾಹಿಂ ಸಾಬರೇ ಬಾಯಿ ಬಿಟ್ಟರು: "ಬ್ಯಾಡ ಗೌಡ್ರೇ. ನಿಮ್ಮಪ್ಪನ ಕಾಲ್ದಿಂದ ಬಂದಿರೋದು. ನಾ ಬ್ಯಾರೆ ಕಡೆ ಗುಡ್ಲು ಆಕ್ಕತೀನಿ."

"ಸುಮ್ಕಿರ್ಲಾ ಇಬ್ರಾಯಿ. ಎಲ್ಲಿ, ನನ್ ತಲೆ ಮ್ಯಾಲೆ ಆಕ್ಕತೀಯಾ?" ಎಂದು ಪಟೇಲರು ಗದರಿ ನನಗೆ ಹೇಳಿದರು: "ಬರೀರಿ ಮೇಷ್ಟ್ರೇ. ಸುಳ್ಳೇಳ್ದ ಅಂತ ಬರೀಬ್ಯಾಡಿ, ಮರ್ವಾದೆ ಮಾಡ್ದ ಅಂತ ಬರೀರಿ."

ನಾನು "ಮುಚ್ಚಿಸಿದೆನು" ಎಂದಷ್ಟೇ ಬರೆದೆ. ಅವರು ನಿಧಾನವಾಗಿ ರುಜು ಹಾಕಿದರು. ಇಂಜಿನಿಯರು ಷರಾ ಹೊಡೆದುಹಾಕಿ, "ನಾಳೆ ಎಂಟಕ್ಕೆ ಬರುತ್ತೇನೆ. ಮುಚ್ಚಿದ್ದನ್ನೆಲ್ಲ ಇಂದೇ ತೆಗೆಸಿ" ಎಂದರು.

ಮೂರೂವರೆಯ ಬಸ್ಸಿನಲ್ಲಿ ಮದ್ದೂರು, ಅಲ್ಲಿಂದ ಕಾಲ್ನಡಿಗೆ. ಆರು ಗಂಟೆಗೆ ಊರಲ್ಲಿದ್ದೆವು. ಪಟೇಲರು ಪೇಟ ತೆಗೆದಿಟ್ಟು ತಾವೇ ಹಾರೆ ಹಿಡಿದರು. ಅಕ್ಕಪಕ್ಕದವರು ಕೈಹಾಕಿದರು. ನಾಲ್ಕನೆಯ ಚಪ್ಪಡಿ ಎತ್ತುತ್ತಲೇ ತರಗು ತಾನಾಗಿ ಕುಸಿದು ಕೆಳಗೆ ನೀರಿನ ಸದ್ದು ಕೇಳಿಸಿತು. ನಾನು ಬೋರಲು ಮಲಗಿ ಬಗ್ಗಿ ನೋಡಿದೆ.

ಪಟೇಲರು ತುಂಬಿಸಿದ ಕೊರಕಲು ಮುಂದುಗಡೆಯದು. ಹೊಳೆ ಅದನ್ನು ಬಳಸಿ, ಯಾರ ಕಣ್ಣಿಗೂ ಬೀಳದೆ, ಅಂಗಳದ ಅಡಿಯಲ್ಲಿ ಒಳಗೆ ಹೋಗಿತ್ತು. ಅಡುಗೆಮನೆಯ ಗೋಡೆಯ ಬುನಾದಿ ಕಲ್ಲುಗಳು ಹಲ್ಲಿನಂತೆ ನೀರಿನ ಮೇಲೆ ನೇತಾಡುತ್ತಿದ್ದವು. ಅದೇ ಗೋಡೆಯ ಆಚೆಯಿಂದ ಒಗ್ಗರಣೆಯ ಚಟಪಟ ಬರುತ್ತಿತ್ತು. ಇಬ್ರಾಹಿಂ ಸಾಬರ ಹೆಂಡತಿ ಒಲೆಯ ಮುಂದೆ ಕೂತಿದ್ದರು.

ಪಟೇಲರು ಕಿರುಚಿದರು: "ಎದ್ದು ಈಚೆಗೆ ಬಾರವ್ವಾ! ಒಲೆ ಆಳಾಗ್ಲಿ, ಬಾ!"

ಆಕೆ ಸೌಟು ಹಿಡಿದೇ ಓಡಿಬಂದರು. ಆಮೇಲೆ ಹಗುರ ಕಾಲಿನವರನ್ನು ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಪಾತ್ರೆ, ಪೆಟ್ಟಿಗೆ, ಉಳಿ, ಬಾಚಿ ಹೊರಗೆ ತಂದೆವು. ಎಲ್ಲವೂ ಪಟೇಲರ ಜಗಲಿ ಸೇರಿತು. ಇಬ್ರಾಹಿಂ ಸಾಬರು ತಾವು ಹೊಡೆದ ಮಣ್ಣನ್ನು ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ, ಇಷ್ಟು ಜನ ತುಳಿದ ಅಂಗಳ ಹೀಗಿರಬಾರದೆಂದು ಪೊರಕೆ ತಂದಳು. ಪಟೇಲರು ಹಾರೆ ಎತ್ತಿಕೊಂಡು ಅಡ್ಡ ನಿಂತರು: "ಮುಟ್ಟೀಯಾ, ಜೋಕೆ! ನಾಳೆ ಸಾಯೇಬ್ರು ನೋಡೋಗಂಟ ಒಂದ್ ಕಡ್ಡೀನೂ ಆಚೀಚೆ ಆಗ್ಬಾರ್ದು ಕಣಮ್ಮ."

ಏಳೂ ಇಪ್ಪತ್ತಕ್ಕೆ ಕೊರಕಲಿನ ಸುತ್ತ ಹಗ್ಗ ಕಟ್ಟಿದೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.